ಮಹಿಷಿ ವರದಿ ಮತ್ತು ಜಾಲಹಳ್ಳಿಯ ನೌಕರಿ

ಕರ್ನಾಟಕದ ಉದ್ಯೋಗಗಳಲ್ಲಿ ಕನ್ನಡಿಗರ ಪಾಲು ಎಷ್ಟಿರಬೇಕು ಎಂಬುದಕ್ಕೆ ಅಂಕಿಗಳಲ್ಲಿ ಉತ್ತರ ಕೊಟ್ಟ ದಾಖಲೆ ಸರೋಜಿನಿ ಮಹಿಷಿ ವರದಿ. ರಾಮಕೃಷ್ಣ ಹೆಗಡೆ ಸರ್ಕಾರ ನೇಮಿಸಿದ, ಮಹಿಷಿ ಅಧ್ಯಕ್ಷತೆಯ ಸಮಿತಿ 1986ರಲ್ಲಿ ಸಲ್ಲಿಸಿದ ಇದರಲ್ಲಿ 58 ಶಿಫಾರಸುಗಳಿವೆ. ಕೇಂದ್ರೋದ್ಯಮಗಳ ‘ಸಿ’, ‘ಡಿ’ ದರ್ಜೆಯ ಹುದ್ದೆಗಳೆಲ್ಲವೂ, ‘ಬಿ’ಯಲ್ಲಿ ಶೇ 80, ‘ಎ’ಯಲ್ಲಿ ಶೇ 65 ಕನ್ನಡಿಗರಿಗೆ ಸಿಗಬೇಕೆಂಬುದು ಅದರ ತಿರುಳು.

ಆ ಲೆಕ್ಕಕ್ಕೆ ಅಂದಿನ ಉತ್ತರ ಬೆಂಗಳೂರು ಹೇಳಿ ಮಾಡಿಸಿದಂತಿತ್ತು. ಯಶವಂತಪುರದಾಚೆ ಜಾಲಹಳ್ಳಿಯಲ್ಲಿ ಕೇಂದ್ರೋದ್ಯಮಗಳಾದ ಎಚ್‌ಎಂಟಿ, ಬಿಇಎಲ್ 1950ರ ದಶಕದಲ್ಲೇ ನೆಲೆಯೂರಿದ್ದವು. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಉದ್ಘಾಟನೆಯಾಗಿತ್ತು. ಅಲ್ಲಿ ನೌಕರಿಯೆಂದರೆ ಕಾಯಂ ಹುದ್ದೆ, ಪಿಎಫ್, ಕ್ವಾರ್ಟರ್ಸ್. ಮಕ್ಕಳಿಗೆ ಕಾಲೊನಿಯೊಳಗೇ ಶಾಲೆ. ಕೆಲಸಗಾರರ ಪಟ್ಟಿ ತೆರೆದರೆ ಕನ್ನಡಿಗರೆಷ್ಟು ಎಂದು ಎಣಿಸಬಹುದಿತ್ತು. ಎಣಿಸಬಹುದಿತ್ತೇ ಹೊರತು ಬದಲಿಸುವ ಅಧಿಕಾರ ರಾಜ್ಯದ ಕೈಯಲ್ಲಿರಲಿಲ್ಲ. ಸರ್ಕಾರಿ ಉದ್ಯೋಗಕ್ಕೆ ವಾಸಸ್ಥಳದ ಷರತ್ತು ಹಾಕುವ ಹಕ್ಕನ್ನು ಸಂವಿಧಾನದ 16(3)ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಹೀಗಾಗಿ ವರದಿಯ ಮುಖ್ಯ ಬೇಡಿಕೆ ಮನವಿಯಾಗಿಯೇ ಉಳಿಯಿತು.

ಅದಕ್ಕಿಂತ ದೊಡ್ಡ ಪೆಟ್ಟು 1991ರ ಉದಾರೀಕರಣದ ನಂತರ ಬಿತ್ತು. ಎಚ್‌ಎಂಟಿ ಸೊರಗಿತು, ಅದರ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿತು. ಕೆಲಸಗಳು ಹೆಬ್ಬಾಳ, ನಾಗವಾರದ ಟೆಕ್ ಪಾರ್ಕುಗಳತ್ತ ಸರಿದವು. ಅಲ್ಲಿನ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್ ಕೆಲಸಗಳೇ ಇಂದಿನ ‘ಡಿ’ ದರ್ಜೆ. ಸಂಬಳ ಕೊಡುವುದು ಗುತ್ತಿಗೆ ಏಜೆನ್ಸಿ. ಕಾಯಂ ಹುದ್ದೆಯನ್ನು ನಂಬಿ ಹಾಕಿದ ಶೇಕಡಾ ಲೆಕ್ಕ ಇಲ್ಲಿ ಯಾವ ಪಟ್ಟಿಗೂ ಅನ್ವಯಿಸದು.

ಈ ಕೆಲಸಗಳ ಮೇಲಿನ ಜನಸಂಖ್ಯೆಯ ಒತ್ತಡವೂ ಮುಖ್ಯವಾಗಿ ಜನನದಿಂದ ಬಂದದ್ದಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ರಾಜ್ಯದ ಫಲವತ್ತತೆ ದರವಾದರೋ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ. ನಗರವನ್ನು ಬೆಳೆಸಿದ್ದು ಮುಖ್ಯವಾಗಿ ವಲಸೆ. ಆ ವಲಸೆಯಲ್ಲಿ ರಾಯಚೂರು, ಕಲಬುರಗಿಯ ಕನ್ನಡಿಗರೂ ಇದ್ದಾರೆ; ಕಟ್ಟಡ ಕೆಲಸದಲ್ಲಿ ಅವರಿಗೆ ಮೀಸಲಾತಿ ಬೇಕಿಲ್ಲ, ಕೂಲಿ ಮತ್ತು ಭದ್ರತೆ ಬೇಕು. ಈ ವರ್ಗಕ್ಕೆ ವರದಿಯ ಅಂಕಿಗಳಿಂದ ದಕ್ಕುವುದು ಕಡಿಮೆ.

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧದಿಂದ ಎರಡೇ ದಿನದಲ್ಲಿ ತಡೆಹಿಡಿದ ಮಸೂದೆ ಮಹಿಷಿ ವರದಿಯಂಥದೇ ಶೇಕಡಾ ಲೆಕ್ಕವನ್ನು ಖಾಸಗಿ ವಲಯಕ್ಕೆ ಹಾಕಿತ್ತು: ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಹರಿಯಾಣದ ಇಂಥದೇ ಕಾಯ್ದೆಯನ್ನು 2023ರಲ್ಲಿ ಹೈಕೋರ್ಟ್ ರದ್ದುಮಾಡಿದ್ದು ಗೊತ್ತಿದ್ದೂ ಗದ್ದಲವೆಲ್ಲ ಶೇಕಡಾವಾರಿನ ಸುತ್ತಲೇ ನಡೆಯಿತು. ಅರ್ಹ ಸ್ಥಳೀಯರು ಸಿಗದಿದ್ದರೆ ಸಂಸ್ಥೆಗಳು ಸರ್ಕಾರದ ಜೊತೆಗೂಡಿ ಮೂರು ವರ್ಷದೊಳಗೆ ಅವರಿಗೆ ತರಬೇತಿ ಕೊಡಬೇಕೆಂಬ ಕಲಮು ಕರ್ನಾಟಕದ ಮಸೂದೆಯಲ್ಲಿತ್ತು. ಇಡೀ ಮಸೂದೆಯಲ್ಲಿ ಹೆಚ್ಚು ಬೆಲೆಯುಳ್ಳ ಭಾಗ ಅದೇ. ಹೆಚ್ಚು ಚರ್ಚೆಯಾಗದೆ ಅದೂ ಕಡತ ಸೇರಿತು.