ಕೂಸು ಯಾರ ಬಗಲಾಗ?

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳ ಕನ್ನಡ ಎರಡು ಪಾಲಾಗುತ್ತದೆ. ಗಂಡಸು ಅಭ್ಯರ್ಥಿ ತೊಡೆ ತಟ್ಟುತ್ತಾನೆ, ರಣತಂತ್ರ ಹೆಣೆಯುತ್ತಾನೆ, ಅಖಾಡಕ್ಕೆ ಧುಮುಕುತ್ತಾನೆ. ಹೆಂಗಸು ಸೆರಗೊಡ್ಡುತ್ತಾಳೆ, ಮುತ್ತೈದೆಯರ ಕೈಯಿಂದ ಉಡಿ ತುಂಬಿಸಿಕೊಳ್ಳುತ್ತಾಳೆ, ಟಿಕೆಟ್ ತಪ್ಪಿದರೆ ಕಣ್ಣೀರಿಡುತ್ತಾಳೆ. ಇದನ್ನು ವರದಿಗಾರನ ರೂಢಿ ಎಂದು ಬಿಟ್ಟುಬಿಡಲಿಕ್ಕೆ ಬರುವುದಿಲ್ಲ. ಒಂದು ಕವಿತೆಯ ರೂಪಕ ಹಿಡಿದು, ಕವಿ ಯಾವ ಜಾತಿಯ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದಾನೆ ಎಂದು ಕೇಳುವುದನ್ನು ದಲಿತ ವಿಮರ್ಶೆ ನಮಗೆ ಕಲಿಸಿದೆ. ಆ ಪ್ರಶ್ನೆಯನ್ನು ದಿನಪತ್ರಿಕೆಯ ಜಿಲ್ಲಾ ಪುಟಕ್ಕೂ ಟಿವಿಯ ಬ್ರೇಕಿಂಗ್ ಸುದ್ದಿಗೂ ಯಾಕೆ ಕೇಳಬಾರದು? ಸೆರಗು, ಉಡಿ, ಕಣ್ಣೀರು ಇವು ಯಾರ ಮನೆಯ ತಾಯಿಯ ಗುರುತುಗಳು?

ದಾವಣಗೆರೆಯಿಂದ ಶುರು ಮಾಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ್ ನಿಂತಿದ್ದರು. ಇಬ್ಬರೂ ಮಕ್ಕಳ ತಾಯಂದಿರು. ಒಬ್ಬರು ಹಾಲಿ ಸಂಸದರ ಹೆಂಡತಿ, ಇನ್ನೊಬ್ಬರು ಮಂತ್ರಿಯ ಹೆಂಡತಿ, ಶಾಸಕರ ಸೊಸೆ. ವರದಿಗಳಲ್ಲಿ ಅವರ ಹೆಸರಿಗಿಂತ ಈ ಸಂಬಂಧಗಳೇ ಮುಂದೆ ಓಡಾಡಿದವು. ಮಾರ್ಚ್ ತಿಂಗಳಲ್ಲಿ, ಆಗ ದಾವಣಗೆರೆ ದಕ್ಷಿಣದ ಶಾಸಕರಾಗಿದ್ದ ಶಾಮನೂರು ಶಿವಶಂಕರಪ್ಪನವರು, ಗಾಯತ್ರಿ ಅವರು ಅಡುಗೆ ಮಾಡಲಿಕ್ಕಷ್ಟೇ ಲಾಯಕ್ಕು, ಜನರ ಮುಂದೆ ನಿಂತು ಮಾತಾಡಲಿಕ್ಕೆ ಬರುವುದಿಲ್ಲ ಎಂಬರ್ಥದ ಮಾತಾಡಿದರು. ಅವರು ಮತ ಕೇಳುತ್ತಿದ್ದದ್ದು ತಮ್ಮ ಸ್ವಂತ ಸೊಸೆಗೆ! ಆ ಮಾತು ಟಿವಿಯಲ್ಲಿ ಮತ್ತೆ ಮತ್ತೆ ಓಡಿತು, ಖಂಡನೆಗಳೂ ಬಂದವು. ಪ್ರಭಾ 26 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು, ಚರ್ಚೆ ಅಲ್ಲಿಗೆ ಮುಗಿಯಿತು.

ನನಗೆ ಮುಗಿದಿಲ್ಲ. ಹೆಣ್ಣನ್ನು ಅಡುಗೆಮನೆಗೆ ತಳ್ಳುವ ಮಾತು ಅವಮಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಅಡುಗೆಮನೆ? ನಮ್ಮ ಹೆಣ್ಣುಮಕ್ಕಳು ಊರ ದೊಡ್ಡ ಮನೆಗಳ ಹಿತ್ತಲಿಗೆ ಹೋದವರು, ಪಾತ್ರೆ ತಿಕ್ಕಿದವರು, ಸಗಣಿ ಬಾಚಿದವರು, ಅಲ್ಲಿಯ ಕೂಸುಗಳ ಮುಕುಳಿ ತೊಳೆದವರು. ಒಲೆಯ ಹತ್ತಿರ ಅವರನ್ನು ಬಿಟ್ಟುಕೊಂಡವರು ಯಾರು? ದಲಿತ ಹೆಂಗಸು ಬಿಸಿಯೂಟ ಬೇಯಿಸಿದಳೆಂದು ಮಕ್ಕಳನ್ನೇ ಶಾಲೆ ಬಿಡಿಸಿದ ಊರುಗಳನ್ನು ಈ ರಾಜ್ಯದಲ್ಲಿ ನಾವು ಕಂಡಿದ್ದೇವೆ. 'ಅಡುಗೆಗೆ ಲಾಯಕ್ಕು' ಎಂಬುದು ಮೇಲ್ಜಾತಿಯ ಹೆಣ್ಣಿಗೆ ಬೈಗುಳ. ನಮ್ಮ ಹೆಣ್ಣಿಗೆ ಅದು ಇನ್ನೂ ಸಿಗದ ಸರ್ಟಿಫಿಕೇಟು. ಒಂದೇ ವಾಕ್ಯ ಎರಡು ಕೇರಿಗಳಲ್ಲಿ ಎರಡು ಅರ್ಥ ಕೊಡುತ್ತದೆ ಎಂಬುದನ್ನು ಆ ಚರ್ಚೆಗಳಲ್ಲಿ ಕೂತ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ.

ಮಂಡ್ಯದ ಸಂಗತಿಯೂ ಹೀಗೇ. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಮುಂದಿನ ಮಾರ್ಚ್ ಹೊತ್ತಿಗೆ ಸುಮಲತಾ ಪಕ್ಷೇತರರಾಗಿ ನಿಲ್ಲುವ ಸುದ್ದಿ ಬಂದಾಗ ಆಗಿನ ಮಂತ್ರಿ ಎಚ್.ಡಿ. ರೇವಣ್ಣ, ಗಂಡ ಸತ್ತು ಇನ್ನೂ ತಿಂಗಳುಗಳಾಗಿಲ್ಲ, ಈಕೆಗೆ ಇದೆಲ್ಲ ಬೇಕಿತ್ತೇ ಎಂಬ ಧಾಟಿಯಲ್ಲಿ ಕೇಳಿದರು. ಸುಮಲತಾ ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು ಉತ್ತರ ಕೊಟ್ಟರು. ಆದರೆ ಆ ಪ್ರಶ್ನೆಯ ಬೇರು ಎಲ್ಲಿದೆ? ಗಂಡ ಸತ್ತವಳು ಮೂಲೆಗೆ ಕೂರಬೇಕು, ಮುಖ ತೋರಿಸಬಾರದು, ಮಗನ ನೆರಳಲ್ಲಿ ಉಳಿದ ಆಯುಷ್ಯ ತೆಗೆಯಬೇಕು ಎಂಬುದು ವೈದಿಕ ಮನೆಯ ಕಟ್ಟಳೆ. ಅದನ್ನೇ ಉಳಿದ ಮೇಲ್ಜಾತಿಗಳೂ ಪ್ರತಿಷ್ಠೆಗೆಂದು ಹೊದ್ದುಕೊಂಡವು. ನಮ್ಮ ಕೇರಿಯಲ್ಲಿ ಗಂಡನ್ನ ಮಣ್ಣು ಮಾಡಿ ಬಂದ ಹೆಂಗಸು ದಿನಕರ್ಮ ಮುಗಿಯುವುದರೊಳಗೇ ಕಳೆ ತೆಗೆಯಲಿಕ್ಕೆ ಹೋಗಿರುತ್ತಾಳೆ. ಹೋಗದಿದ್ದರೆ ಸಂಜೀಕ ಒಲಿ ಹತ್ತೂದಿಲ್ಲ. ಹೊಲದ ಒಡೆಯ ಅವಳನ್ನ "ಯಾಕ್ಬೇ, ಗಂಡ ಸತ್ತು ಎಷ್ಟ ದಿನಾತು?" ಅಂತ ಕೇಳುವುದಿಲ್ಲ. ಎಷ್ಟು ಸಾಲು ಮುಗೀತು ಅಂತ ಕೇಳುತ್ತಾನೆ. ಕೂಲಿಗೆ ಬರಲಿಕ್ಕೆ ಸೂತಕ ಅಡ್ಡ ಬರುವುದಿಲ್ಲ, ಕುರ್ಚಿಗೆ ಬರಲಿಕ್ಕೆ ಬರುತ್ತದೆ.

ನಮ್ಮ ನರಗುಂದವನ್ನು ಒಳಗೊಂಡ ಬಾಗಲಕೋಟೆ ಕ್ಷೇತ್ರದಲ್ಲಿ 2019ರಲ್ಲಿ ವೀಣಾ ಕಾಶಪ್ಪನವರ ಕಾಂಗ್ರೆಸ್ ಅಭ್ಯರ್ಥಿ. 2024ರಲ್ಲಿ ಟಿಕೆಟ್ ಸಂಯುಕ್ತಾ ಪಾಟೀಲರಿಗೆ ಹೋಯಿತು. ಕ್ಯಾಮೆರಾಗಳು ಹುಡುಕಿ ಹಿಡಿದದ್ದು ವೀಣಾ ಅವರ ಕಣ್ಣೀರನ್ನು. ಆಕೆ ಜಿಲ್ಲಾ ಪಂಚಾಯ್ತಿಯ ಅಧ್ಯಕ್ಷೆಯಾಗಿದ್ದವರು ಎಂಬುದು ಆ ಕಣ್ಣೀರಲ್ಲಿ ತೊಳೆದುಹೋಯಿತು.

ಹಾಗಾದರೆ ದಲಿತ, ಆದಿವಾಸಿ ಹೆಣ್ಣಿನ ಬಗ್ಗೆ ಪತ್ರಿಕೆ ಹೇಗೆ ಬರೆಯುತ್ತದೆ? ಬಳ್ಳಾರಿಯನ್ನು ನೋಡಿ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಅಲ್ಲಿ ಎದುರಾದಾಗ ದೇಶದ ಪತ್ರಕರ್ತರೆಲ್ಲ ಗಣಿಧೂಳಿನಲ್ಲಿ ಬಂದಿಳಿದರು. ಅದು 'ಸ್ವದೇಶಿ ಮಗಳು, ವಿದೇಶಿ ಸೊಸೆ'ಯ ಕಾಳಗವಾಯಿತು. ಹಣೆಯ ಕುಂಕುಮ, ತಲೆಯ ಮೇಲಿನ ಸೆರಗು, ವರಮಹಾಲಕ್ಷ್ಮಿ ಪೂಜೆ ಎಲ್ಲವೂ ಸುದ್ದಿ. ಸೋನಿಯಾ 56 ಸಾವಿರ ಮತಗಳಿಂದ ಗೆದ್ದು ಆಮೇಲೆ ಕ್ಷೇತ್ರ ಬಿಟ್ಟುಕೊಟ್ಟರು. ಹತ್ತು ವರ್ಷದ ಮೇಲೆ, 2009ರಲ್ಲಿ, ಅದೇ ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಜೆ. ಶಾಂತಾ ಗೆದ್ದರು. ಅವರ ಹಣೆ, ಸೆರಗು, ಮಕ್ಕಳು ಯಾರಿಗೂ ಬೇಕಾಗಲಿಲ್ಲ. ಶ್ರೀರಾಮುಲು ತಂಗಿ, ಅಷ್ಟಕ್ಕೆ ಪರಿಚಯ ಮುಗಿಯಿತು. ಮೊದಲಿನ ಇಬ್ಬರನ್ನು ತಾಯ್ತನದ, ಸೊಸೆತನದ ತಕ್ಕಡಿಯಲ್ಲಿ ಹಾಕಿ ತೂಗಿದರು. ಮೂರನೆಯವಳನ್ನು ತಕ್ಕಡಿಗೂ ಹಾಕಲಿಲ್ಲ.

ಮೂಡಿಗೆರೆಯಲ್ಲಿ ಇದು ಎರಡು ತಲೆಮಾರಿನ ಕತೆ. ಮೋಟಮ್ಮ 1978ರಲ್ಲೇ ವಿಧಾನಸಭೆಗೆ ಹೋದವರು. ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಮಂತ್ರಿಯಾಗಿದ್ದವರು. ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಗೆ ಹೋದದ್ದು ಆ ಕಾಲದಲ್ಲಿ. 2023ರಲ್ಲಿ ಅವರ ಮಗಳು ನಯನಾ ಅದೇ ಮೀಸಲು ಕ್ಷೇತ್ರದಿಂದ ಕೇವಲ 722 ಮತಗಳ ಅಂತರದಲ್ಲಿ ಗೆದ್ದರು. ಗೆದ್ದ ಕೂಡಲೇ ಓಡಾಡಿದ್ದು ಆಕೆ ಆಧುನಿಕ ಉಡುಪು ತೊಟ್ಟ ಖಾಸಗಿ ಫೋಟೋಗಳು. ನನ್ನ ಉಡುಗೆ, ನನ್ನ ಬದುಕು ನನ್ನದು ಎಂದು ಆಕೆ ನೇರವಾಗಿಯೇ ಉತ್ತರಿಸಿದರು. ಆದರೆ ಗಮನಿಸಬೇಕಾದದ್ದು ಬೇರೆ. ದಲಿತ ಹೆಣ್ಣು ಹರಕು ಸೀರೆಯಲ್ಲಿದ್ದರೆ ಕರುಣೆಯ ವಸ್ತು, ಜೀನ್ಸಿನಲ್ಲಿದ್ದರೆ ಟ್ರೋಲಿನ ವಸ್ತು. ಮಕ್ಕಳಿಲ್ಲದ ಮಾಯಾವತಿ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು 2019ರಲ್ಲಿ ಉತ್ತರಪ್ರದೇಶದ ಒಬ್ಬ ಶಾಸಕಿಯೇ ವೇದಿಕೆಯಿಂದ ಹೇಳಿದ್ದರು. ಹೆತ್ತರೂ ಬೈಗುಳ, ಹೆರದಿದ್ದರೂ ಬೈಗುಳ.

ನಮ್ಮ ಭಾಗದಲ್ಲಿ ಇನ್ನೂ ಕಠಿಣವಾದದ್ದೊಂದಿದೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು, ಆದರೆ ಮುತ್ತು ಕಟ್ಟಿಸಿಕೊಂಡ ತಾಯಂದಿರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ, ಪಂಚಾಯ್ತಿಗೆ ನಿಲ್ಲುತ್ತಾರೆ ಕೂಡ. ಪ್ರತಿಯೊಬ್ಬ ಅಭ್ಯರ್ಥಿಯನ್ನೂ 'ಇಂಥವರ ಪತ್ನಿ' ಎಂದು ಬರೆಯುವ ವರದಿಗಾರ ಇವಳ ಮುಂದೆ ಪೆನ್ನು ಹಿಡಿದು ನಿಂತರೆ ಏನು ಬರೆದಾನು? ಸರಕಾರಿ ಕಡತದ 'ಮಾಜಿ ದೇವದಾಸಿ' ಎಂಬ ಪದ ಅವನಿಗೆ ಸಿದ್ಧವಾಗಿ ಸಿಗುತ್ತದೆ. ನಾಕು ಮಕ್ಕಳನ್ನ ಒಬ್ಬಳೇ ಸಾಕಿ ಶಾಲೆಗೆ ಕಳಿಸಿದವಳಿಗೆ ತಾಯಿ ಎಂಬ ಪದ ಮಾತ್ರ ಸಿಗುವುದಿಲ್ಲ.

ನನ್ನ ಚಿಗವ್ವ 2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸೀಟಿನಿಂದ ಗೆದ್ದಳು. ಒಬ್ಬ ವರದಿಗಾರ ಮನೆಗೆ ಬಂದಿದ್ದ. ಕೇರಿಗೆ ಸ್ಮಶಾನದ ಜಾಗ ಇಲ್ಲ, ಹೆಣ ಹೊತ್ತು ಹಳ್ಳದ ದಂಡೀಗೆ ಹೋಗಬೇಕು ಅಂತ ಅವಳು ಅವನಿಗೆ ತಾಸುಗಟ್ಟಲೆ ಹೇಳಿದಳು. ಆಮೇಲೆ ಏನಾಯಿತು ಎಂಬುದನ್ನು ಅವಳ ಮಾತಲ್ಲೇ ಕೇಳಬೇಕು: "ತಮ್ಮಾ, ಫೋಟೋದಾಂವ ಕೂಸಿನ್ನ ಬಗಲಾಗ ಎತ್ಕೋಬೇ ಅಂದ. ನನ್ನ ಮಕ್ಳು ಗೋವಾದಾಗ ಕೂಲಿಗದಾವು, ಇಲ್ಲಿ ಎಲ್ಲಿ ಕೂಸು? ಬಾಜೂ ಮನೀದೊಂದ ತಂದು ಕೊಟ್ರು. ಅದು ಚೀರಾಕ ಹತ್ತು. ಅದ್ನ ಹೊಡಕೊಂಡ ಹೋದ." ಪೇಪರಿನಲ್ಲಿ ಬಂದದ್ದು ಕೂಲಿ ಮಾಡುವ ಬಡ ತಾಯಿಗೆ ಒಲಿದ ಭಾಗ್ಯದ ಕತೆ. ಸ್ಮಶಾನದ ಸುದ್ದಿಗೆ ಜಾಗ ಇರಲಿಲ್ಲ. ಬೈಯದೆ, ಹೊಗಳಿಯೇ ಬಾಯಿ ಮುಚ್ಚಿಸುವ ಬಗೆ ಇದು. ವರದಿಗಾರ ಕೆಟ್ಟವನಲ್ಲ ಅಂತ ಚಿಗವ್ವ ಈಗಲೂ ಹೇಳುತ್ತಾಳೆ, ಚಾ ಕುಡಿದು ಹೋದನಂತೆ, ನಮ್ಮ ಮನೆಯಲ್ಲಿ. ಅದೂ ದೊಡ್ಡದೇ.

2017ರಲ್ಲಿ ನ್ಯೂಜಿಲೆಂಡಿನ ಜಸಿಂಡಾ ಆರ್ಡರ್ನ್ ಪಕ್ಷದ ನಾಯಕಿಯಾದ ಕೆಲವೇ ತಾಸಿನಲ್ಲಿ, ಮಕ್ಕಳ ವಿಚಾರ ಏನು ಮಾಡಿದಿರಿ ಎಂದು ಟಿವಿಯವರು ಕೇಳಿದ್ದರು. ನಮ್ಮ ಸ್ತ್ರೀವಾದಿ ಗೆಳತಿಯರು ಇಂಥ ಉದಾಹರಣೆ ಕೊಟ್ಟು, ಗಂಡಸರಿಗೆ ಕೇಳದ ಪ್ರಶ್ನೆಯನ್ನು ನಮಗೂ ಕೇಳಬೇಡಿ ಎನ್ನುತ್ತಾರೆ. ಸರಿಯಾದ ಮಾತು, ಆದರೆ ನಮ್ಮ ನೆಲೆಯಿಂದ ಅದು ಅರ್ಧ ಮಾತು. ಬದುವಿನ ಮೇಲೆ ಸೀರೆಯ ಜೋಳಿಗೆ ಕಟ್ಟಿ ಕೂಸು ಮಲಗಿಸಿದವಳನ್ನು 'ನಿನ್ನ ಕೂಸನ್ನ ಯಾರು ನೋಡ್ತಾರ' ಎಂದು ಯಾರಾದರೂ ಎಂದಾದರೂ ಕೇಳಿದ್ದಾರೆಯೇ? ಆ ಪ್ರಶ್ನೆಯನ್ನು ನಾವು ಅಳಿಸುವುದು ಬೇಡ, ಅದರ ವಿಳಾಸ ಬದಲಿಸೋಣ. ಅದನ್ನು ಅಭ್ಯರ್ಥಿಗಲ್ಲ, ಸರಕಾರಕ್ಕೆ ಕೇಳಬೇಕು. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರ ಮಾತಾಡಿದಾಗ ಮಾಡಿದ್ದು ಇದನ್ನೇ. ತಾಯಿಗೆ ಹೆರಿಗೆಯ ಹಿಂದುಮುಂದು ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಅದರ ಹೊರೆಯನ್ನು ಸರಕಾರವೂ ಹೊರಬೇಕು ಎಂದು ಅವರು ವಾದಿಸಿದರು. ಅಲ್ಲಿ ತಾಯಿ ದೇವತೆಯಲ್ಲ, ದುಡಿಯುವವಳು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಐದು ಕೂಸುಗಳಿದ್ದ ಕಡೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ಇಡಬೇಕೆಂದಿತ್ತು. ಆಮೇಲೆ ರಾಜ್ಯದಲ್ಲಿ 'ಕೂಸಿನ ಮನೆ'ಗಳೂ ಬಂದವು. ನಿಮ್ಮೂರಿನ ಕೂಸಿನ ಮನೆಯ ಬಾಗಿಲು ತೆರೆದಿದೆಯೇ ಎಂದು ಅಧ್ಯಕ್ಷೆಯನ್ನು ಕೇಳುವುದು ರಾಜಕೀಯ ಪ್ರಶ್ನೆ.

ಪತ್ರಿಕೆಗಳನ್ನು ಬೈದು ನಮ್ಮ ಮನೆ ಬಿಟ್ಟರೆ ಈ ವಿಮರ್ಶೆ ಸುಳ್ಳಾಗುತ್ತದೆ. ದಲಿತ-ಬಂಡಾಯದ ಕಾವ್ಯದಲ್ಲಿ ಅವ್ವ ಎಲ್ಲೆಲ್ಲೂ ಇದ್ದಾಳೆ. ಹಸಿವು ನುಂಗಿದವಳು, ಮಣ್ಣಿನಂಥವಳು, ಸಹಿಸಿದವಳು. ಅವಳು ಭಾಷಣ ಮಾಡಿದ, ಠೇವಣಿ ಕಟ್ಟಿದ, ಸೋತು ಮತ್ತೆ ನಿಂತ ಕವಿತೆಗಳು ಎಷ್ಟಿವೆ? 2008ರ ಕ್ಷೇತ್ರ ಮರುವಿಂಗಡಣೆಯ ಮೇಲೆ ಗದಗ ಜಿಲ್ಲೆಯ ನಾಲ್ಕು ಕ್ಷೇತ್ರಗಳಿಂದ ಒಬ್ಬ ಹೆಣ್ಣುಮಗಳೂ ಗೆದ್ದಿಲ್ಲ. ಅದರಲ್ಲಿ ಶಿರಹಟ್ಟಿ ಮೀಸಲು ಕ್ಷೇತ್ರ. ಆ ಸೀಟು ಪ್ರತಿಸಲ ನಮ್ಮ ಗಂಡಸರ ನಡುವೆಯೇ ಕೈ ಬದಲಾಗಿದೆ. ಇದಕ್ಕೆ ಯಾವ ಟಿವಿಯೂ ಕಾರಣವಲ್ಲ.

ನಮ್ಮ ಸಂಘಟನೆಯ ಸಭೆಗಳು ರಾತ್ರಿ ಎಂಟಕ್ಕೆ ಶುರುವಾಗುತ್ತವೆ. ಹಗಲು ಇಟ್ಟರೆ ಕೂಲಿ ಹೋಗುತ್ತದೆ, ರಾತ್ರಿ ಇಟ್ಟರೆ ಕೂಸು ಅಳುತ್ತದೆ, ಹೆಣ್ಣುಮಕ್ಕಳು ಬಾಗಿಲತನಕ ಬಂದು ತಿರುಗಿ ಹೋಗುತ್ತಾರೆ. ಮುಂದಿನ ಸಭೆಯಲ್ಲಿ ಕೂಸುಗಳನ್ನು ಸರತಿಯಂತೆ ಗಂಡಸರು ನೋಡಿಕೊಳ್ಳುವ ವಿಷಯವನ್ನು ಮೊದಲಿಗೇ ಚರ್ಚೆಗೆ ತರಬೇಕೆಂದು ಬರೆದುಕೊಟ್ಟಿದ್ದೇನೆ. ಅಧ್ಯಕ್ಷತೆಗೆ ಚಿಗವ್ವನ ಹೆಸರು ಹೇಳಿದೆ. ಅವಳನ್ನು ಕೇಳಿದರೆ, "ಬರ್ತೀನಿ ತಮ್ಮಾ. ಆದ್ರ ಕರದು ಕುಂದರ್ಸಿ, ಒಂದ್ ಹಾಡ ಹಾಡವ್ವ ಅನಬ್ಯಾಡ್ರಿ. ನಾ ಸ್ಮಶಾನದ ವಿಷಯ ಮಾತಾಡಾಕಿ" ಅಂದಳು.