ಹಾಜಿ ಅಬ್ದುಲ್ಲಾ ಆಸ್ಪತ್ರೆ: ದಾನಿಯ ಕಿಸೆ ನಂಬಿದ ಕರಾರು

ಉಡುಪಿಯ ಹೆರಿಗೆ ಆಸ್ಪತ್ರೆಯ ಬೋರ್ಡನ್ನು ಒಂದೇ ಉಸಿರಿಗೆ ಓದುವುದು ಕಷ್ಟ: ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ಸರ್ಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ. ಜಾಗ ಕೊಟ್ಟವರು ಹಾಜಿ ಅಬ್ದುಲ್ಲಾ ಸಾಹೇಬರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದ ಸಂಸ್ಥೆಯನ್ನು 1906ರಲ್ಲಿ ಇದೇ ಊರಿನಲ್ಲಿ ಹುಟ್ಟುಹಾಕಿದವರೂ ಅವರೇ. ಕೂಸಮ್ಮ ಮತ್ತು ಶಂಭು ಶೆಟ್ಟಿ, ಹೊಸ ಕಟ್ಟಡ ಕಟ್ಟಿಸಿದ ಅಬುಧಾಬಿಯ ಉದ್ಯಮಿ ಬಿ.ಆರ್. ಶೆಟ್ಟಿಯವರ ತಾಯಿ ತಂದೆ.

2016ರಲ್ಲಿ ರಾಜ್ಯ ಸರ್ಕಾರ ಒಪ್ಪಿದ ಯೋಜನೆ ಕೇಳುವುದಕ್ಕೆ ಸರಳವಾಗಿತ್ತು. ಶೆಟ್ಟರ ಸಂಸ್ಥೆ ತನ್ನ ಖರ್ಚಿನಲ್ಲಿ 200 ಹಾಸಿಗೆಯ ಆಸ್ಪತ್ರೆ ಕಟ್ಟಿ, ಉಚಿತವಾಗಿ ನಡೆಸಬೇಕು. ಅದಕ್ಕೆ ಪ್ರತಿಯಾಗಿ ಪಕ್ಕದ ಸರ್ಕಾರಿ ಜಾಗದಲ್ಲಿ 400 ಹಾಸಿಗೆಯ ಖಾಸಗಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಿಕೊಳ್ಳಬಹುದು. ಊರು ಎರಡು ಪಾಲಾಯಿತು. ಬಡವರಿಗೆಂದು ಒಬ್ಬ ಪುಣ್ಯಾತ್ಮ ಬಿಟ್ಟುಕೊಟ್ಟ ಜಾಗ, ಪೇಟೆಯ ನಡುವಿನ ಚಿನ್ನದಂಥ ಜಾಗ, ಖಾಸಗಿಯವರ ಪಾಲಾಗಬಾರದು ಎಂದು ಒಂದು ಬಣ. ಸರ್ಕಾರಕ್ಕಂತೂ ಯೋಗ್ಯತೆಯಿಲ್ಲ, ನಮ್ಮ ಊರಿನವರೇ ಮುಂದೆ ಬಂದಿದ್ದಾರೆ, ಕಲ್ಲು ಹಾಕಬೇಡಿ ಎಂದು ಇನ್ನೊಂದು ಬಣ. ಸಭೆಗಳಾದವು, ಪ್ರತಿಭಟನೆಗಳಾದವು. 2017ರ ನವೆಂಬರಿನಲ್ಲಿ ಹೊಸ ಕಟ್ಟಡದ ಉದ್ಘಾಟನೆಯೂ ಆಯಿತು.

ಇಷ್ಟು ವರ್ಷಗಳ ಬಳಿಕ ಆ ವಾದವಿವಾದವನ್ನು ತೂಗಿ ನೋಡಿದರೆ ಎರಡೂ ಕಡೆಯವರು ತಪ್ಪು ಜಾಗದಲ್ಲಿ ಜಗಳ ಆಡಿದರು ಎನಿಸುತ್ತದೆ. ವಿರೋಧಿಗಳ ಮಾತು ಹಾಜಿ ಅಬ್ದುಲ್ಲಾರ ಇಚ್ಛೆಯನ್ನು ಸುತ್ತಿತು, ಪರವಾದವರ ಮಾತು ಶೆಟ್ಟರ ಉದಾರತೆಯನ್ನು. ಅಂದರೆ ಯಾವ ದಾನಿ ದೊಡ್ಡವನು ಎಂಬ ಚರ್ಚೆ. ತಿಂಗಳ ಸಂಬಳ ಎಲ್ಲಿಂದ ಬರುತ್ತದೆ, ಆ ಮೂಲ ಬತ್ತಿದರೆ ಏನು ಗತಿ ಎಂಬ ಪ್ರಶ್ನೆ ಭಾವುಕತೆಯ ಗದ್ದಲದಲ್ಲಿ ಮೂಲೆಗೆ ಬಿತ್ತು.

ಒಂದು ಸಿಸೇರಿಯನ್ ಹೆರಿಗೆಗೆ ಏನೆಲ್ಲ ಬೇಕು ನೋಡಿ. ಹೆರಿಗೆ ತಜ್ಞೆ, ಅರಿವಳಿಕೆ ವೈದ್ಯ, ಹುಟ್ಟಿದ ಕೂಸನ್ನು ಕೈಗೆ ತೆಗೆದುಕೊಳ್ಳಲು ಮಕ್ಕಳ ವೈದ್ಯ, ಮೂರು ಪಾಳಿಗೆ ನರ್ಸುಗಳು, ರಾತ್ರಿ ಎರಡು ಗಂಟೆಗೂ ತೆರೆದಿರುವ ಲ್ಯಾಬು, ಕೈಗೆಟುಕುವಷ್ಟು ಹತ್ತಿರದಲ್ಲಿ ರಕ್ತನಿಧಿ. ಇವರಲ್ಲಿ ಅರಿವಳಿಕೆ ವೈದ್ಯರೊಬ್ಬರು ಬರಲಿಲ್ಲವೆಂದರೂ ಆಪರೇಷನ್ ಥಿಯೇಟರಿನ ದೀಪ ಹಚ್ಚಿ ಪ್ರಯೋಜನವಿಲ್ಲ. ಕಟ್ಟಡದ ಖರ್ಚು ಒಂದು ಸಲದ್ದು, ಇವರ ಖರ್ಚು ತಿಂಗಳು ತಿಂಗಳಿನದು. ಉಚಿತ ಆಸ್ಪತ್ರೆಗೆ ರೋಗಿಗಳು ಹೆಚ್ಚಿದಷ್ಟೂ ಖರ್ಚು ಏರುತ್ತದೆ, ಆದಾಯ ಏರುವುದಿಲ್ಲ.

ಆ ಹಣದ ಮೂಲವಾಗಿದ್ದ ಸಾಮ್ರಾಜ್ಯ ಕುಸಿಯಿತು. 1975ರಲ್ಲಿ ಶುರುವಾಗಿ 2012ರಲ್ಲಿ ಲಂಡನ್ ಷೇರುಪೇಟೆ ಹತ್ತಿದ್ದ ಶೆಟ್ಟರ ಎನ್‌ಎಂಸಿ ಕಂಪನಿಯ ಲೆಕ್ಕಪತ್ರಗಳ ಮೇಲೆ 2019ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಸಂಸ್ಥೆ ಸಂಶಯ ಎತ್ತಿತು. 2020ರ ಏಪ್ರಿಲಿನಲ್ಲಿ ಕಂಪನಿ ಬ್ರಿಟನ್ನಿನ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಗಳ ಕೈ ಸೇರಿತು. ಅಬುಧಾಬಿಯ ಆ ಏಟು ಉಡುಪಿಯ ಹೆರಿಗೆ ವಾರ್ಡಿಗೂ ಬಿತ್ತು. ಸಂಬಳ ನಿಂತಿತು, ಸಿಬ್ಬಂದಿ ಮುಷ್ಕರ ಹೂಡಿದರು. ಪಕ್ಕದ ಖಾಸಗಿ ಆಸ್ಪತ್ರೆ ಏಳಲೇ ಇಲ್ಲ. ಕೊನೆಗೆ ಹೊಸ ಕಟ್ಟಡವನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಯೋಗ್ಯತೆಯಿಲ್ಲವೆಂದು ಊರೆಲ್ಲ ಬೈದಿದ್ದ ಅದೇ ಸರ್ಕಾರ.

ಬೈಂದೂರು ಕಡೆಯಿಂದ ಎಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಬರುವ ತುಂಬು ಬಸುರಿಗೆ ಈ ಕಥೆಯೆಲ್ಲ ಬೇಕಿಲ್ಲ. ಅವಳ ಕೈಯಲ್ಲಿ ತಾಯಿ ಕಾರ್ಡು, ಜೊತೆಗೆ ಅಮ್ಮನೋ ಆಶಾ ಕಾರ್ಯಕರ್ತೆಯೋ. ಒಳಗೆ ವೈದ್ಯರಿಲ್ಲದಿದ್ದರೆ ಅವಳ ಪಾಲಿಗೆ ಬರುವುದು ಈ ಜಿಲ್ಲೆಯವರು ಕೇಳಿ ಕೇಳಿ ಸಾಕಾದ ಮಾತು: ‘ಮಣಿಪಾಲಕ್ಕೆ ಬರೆದುಕೊಡ್ತೇವೆ’. ದೇಶದ ಮೊದಮೊದಲ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲೊಂದು 1953ರಲ್ಲೇ ಹುಟ್ಟಿದ್ದು ನಾಲ್ಕಾರು ಕಿಲೋಮೀಟರ್ ದೂರದ ಮಣಿಪಾಲದಲ್ಲಿ. ಅದು ಮಗ್ಗುಲಲ್ಲೇ ಇರುವುದರಿಂದ ಸರ್ಕಾರಿ ಆಸ್ಪತ್ರೆ ಸೊರಗಿದರೂ ಜಿಲ್ಲೆಗೆ ಬಿಸಿ ತಟ್ಟುವುದು ತಡವಾಗಿ. ನೆಂಟರಿಷ್ಟರಲ್ಲಿ ಹಣವಂತರಿರುವವರು ಮಣಿಪಾಲಕ್ಕೆ ಹೋಗುತ್ತಾರೆ, ಸಭೆಗಳಲ್ಲಿ ಮಾತಾಡುವವರೂ ಹೆಚ್ಚಾಗಿ ಅವರೇ.

ಖಾಸಗಿಯವರ ಸಹವಾಸವೇ ಬೇಡ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1950ರ ದಶಕದಿಂದಲೂ ಖಾಸಗಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ (ಕೆಎಂಸಿ) ವಿದ್ಯಾರ್ಥಿಗಳ ಕಲಿಕೆಯ ಆಸ್ಪತ್ರೆ. ಕಾಲೇಜಿನ ವೈದ್ಯರು ಅಲ್ಲಿನ ವಾರ್ಡುಗಳಲ್ಲಿ ದುಡಿಯುತ್ತಾರೆ, ಆಸ್ಪತ್ರೆ ಮಾತ್ರ ಸರ್ಕಾರದ್ದೇ. ದೂರು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಕಾಲೇಜಿಗೆ ರೋಗಿಗಳು ಬೇಕು, ರೋಗಿಗಳಿಗೆ ವೈದ್ಯರು ಬೇಕು. ಇಬ್ಬರಿಗೂ ನಿತ್ಯದ ಅಗತ್ಯವಿರುವುದರಿಂದ ಏರ್ಪಾಡು ಬಾಳಿದೆ. ಉಡುಪಿಯಲ್ಲಿ ಅಂಥ ಕೊಡುಕೊಳ್ಳುವಿಕೆ ಇರಲಿಲ್ಲ. ಒಬ್ಬರ ಕಿಸೆ ತುಂಬಿರುವಷ್ಟು ದಿನ ನಡೆಯುವ ಉಪಕಾರ ಇತ್ತು. ಶೆಟ್ಟರ ಮನಸ್ಸಿನ ಬಗ್ಗೆ ನನಗೆ ಸಂಶಯವಿಲ್ಲ, ತಕರಾರು ಆ ಮನಸ್ಸನ್ನೇ ಬಂಡವಾಳವೆಂದು ಬರೆದುಕೊಂಡ ಸರ್ಕಾರದ ಮೇಲೆ. ವಿಧಾನಸೌಧದಲ್ಲಿ ಕೂತವರು ಇಡಗಂಟು ಕೇಳಬೇಕಿತ್ತು, ವರ್ಷದ ಸಂಬಳವನ್ನಾದರೂ ಮುಂಗಡ ಇಡಿಸಬೇಕಿತ್ತು.

2025ರಲ್ಲಿ ವಿಜಯಪುರದ ಜನ, ಪಿಪಿಪಿ (ಸರ್ಕಾರಿ-ಖಾಸಗಿ ಪಾಲುದಾರಿಕೆ) ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ತಿಂಗಳುಗಟ್ಟಲೆ ಧರಣಿ ಕೂತರು. ಅಲ್ಲಿಯ ಪಾಲುದಾರ ದಾನಿಯಾಗಿ ಬರುವವನಾಗಿರಲಿಲ್ಲ, ಸೀಟುಗಳ ಶುಲ್ಕದ ಲೆಕ್ಕ ಹಾಕಿಕೊಂಡು ಬರುವವನಾಗಿದ್ದ. ಹಾಗಾಗಿ ಭಾವುಕತೆಗೆ ಎಡೆ ಕಡಿಮೆಯಿತ್ತು, ಚೌಕಾಸಿಗೆ ಹೆಚ್ಚು. ಧರಣಿ ಕೂತವರೂ ಅಧಿಕಾರಿಗಳೂ ಉಡುಪಿಯ ಕಡತವನ್ನೊಮ್ಮೆ ತರಿಸಿ, ಸಂಬಳ ನಿಂತ ತಿಂಗಳುಗಳ ಪತ್ರವ್ಯವಹಾರದಿಂದ ಓದಲು ಶುರು ಮಾಡಬಹುದು.