ಫಾರ್ಮ್ಯಾಟ್ ಬೇಡ, ಒಮ್ಮೆ ಓದಿ ನೋಡಿ

ಆರ್.ಟಿ. ನಗರದಿಂದ ಯಲಹಂಕದವರೆಗೆ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, ಮದ್ದು ಒಂದೇ: 'ಫಾರ್ಮ್ಯಾಟ್ ಹೊಡೀಬೇಕು ಸಾರ್.' ಇಮೇಲ್ ತಂತ್ರಾಂಶ ಕೈಕೊಟ್ಟಾಗ ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಒಂದೇ ಒಂದು ಪುಟ್ಟ ಕಡತ. ಅದಕ್ಕಾಗಿ ಇಡೀ ಡಿಸ್ಕ್ ಅಳಿಸುವುದೆಂದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ನನ್ನ ಒಲವು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ಕಡೆಗೆ. 2004ರ ಡಿಸೆಂಬರ್‌ನಲ್ಲಿ ಇದರ 1.0 ಆವೃತ್ತಿ ಬಂತು. ಅಂದಿನಿಂದಲೂ ಸೆಟ್ಟಿಂಗ್‌ಗಳನ್ನು ಸಾದಾ ಅಕ್ಷರಗಳಲ್ಲೇ, ಪ್ರೊಫೈಲ್ ಫೋಲ್ಡರಿನ 'ಪ್ರೆಫ್ಸ್ ಡಾಟ್ ಜೆಎಸ್' ಕಡತದಲ್ಲಿ ಬರೆದಿಡುತ್ತದೆ. ಹಳೆಯ ಔಟ್‌ಲುಕ್ ಅವನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಹೂತಿಡುತ್ತದೆ. ಅಲ್ಲಿ ಕಂಟ್ರೋಲ್ ಪ್ಯಾನೆಲ್‌ನಿಂದ ಹೊಸ ಪ್ರೊಫೈಲ್ ಮಾಡಿ ಎದ್ದು ಬರಬೇಕು, ಓದುವ ಸುಖವಿಲ್ಲ.

ಯಶವಂತಪುರದ ಆರ್‌ಎಂಸಿ ಯಾರ್ಡ್‌ನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹಿರಿಯರು ಥಂಡರ್‌ಬರ್ಡ್ ಕೈಕೊಟ್ಟಿತೆಂದು ಒಮ್ಮೆ ಕರೆಸಿದ್ದರು. 'ಕರೆಂಟ್ ಹೋಗಿ ಬಂತು, ಈಗ ಹೊಸದಾಗಿ ಅಕೌಂಟ್ ಮಾಡು ಅಂತಿದೆ. ಹಳೇ ಮೇಲ್ ಎಲ್ಲಾ ಹೋಯ್ತಾ ಸಾರ್?' ಹೋಗಿರಲಿಲ್ಲ. ಪ್ರೆಫ್ಸ್ ಕಡತದ ಪಕ್ಕದ 'ಮೇಲ್' ಫೋಲ್ಡರಿನಲ್ಲಿ ಬಿಲ್ಲುಗಳ ಸಮೇತ ಎಲ್ಲವೂ ಇದ್ದವು. ಪತ್ರಗಳೇ ಬೇರೆ, ಸೆಟ್ಟಿಂಗೇ ಬೇರೆ.

ಪ್ರೆಫ್ಸ್ ಕಡತದ ಸಾಲುಗಳು ಇಂಗ್ಲಿಷ್ ಅಕಾರಾದಿಯಲ್ಲಿರುತ್ತವೆ. ಹಾಗಾಗಿ ಕಡತ ಎಲ್ಲಿ ತುಂಡಾಗಿದೆ ಎಂದು ನೋಡಿದರೆ ಏನು ಕಳೆದಿದೆ ಎಂಬುದೂ ಗೊತ್ತಾಗುತ್ತದೆ. 'ಮೇಲ್ ಡಾಟ್ ಐಡೆಂಟಿಟಿ' ಹತ್ತಿರ ಮುರಿದಿದ್ದರೆ ಅದರ ನಂತರದ 'ಸರ್ವರ್', 'ಎಸ್‌ಎಂಟಿಪಿ' ವಿವರಗಳು ಹೋದವೆಂದೇ ಅರ್ಥ. ಮಂಡಿಯ ಕಡತದಲ್ಲಿ ಅಷ್ಟೂ ಆಗಿರಲಿಲ್ಲ. ಯಾವ ಯಾವ ಖಾತೆ ತೋರಿಸಬೇಕೆಂದು ಹೇಳುವ 'ಅಕೌಂಟ್ ಮ್ಯಾನೇಜರ್' ಸಾಲಿನ ಕೊನೆಯಲ್ಲಿ ಉದ್ಧರಣ ಚಿಹ್ನೆ, ಆವರಣ ಎರಡೂ ಮಾಯ. ಖಾತೆಗಳ ವಿವರ ಪೂರ್ತಿ ಇದ್ದರೂ ಈ ಪಟ್ಟಿಯ ಸಾಲೊಂದು ಕೆಟ್ಟರೆ ಎಡಗಡೆ ಆ ಖಾತೆಗಳು ಕಾಣುವುದಿಲ್ಲ. ಆ ಸಾಲನ್ನು ಸರಿಯಾಗಿ ಮುಚ್ಚಿದ್ದೇ ತಡ, ಹಿರಿಯರ ಖಾತೆಗಳು ಬಂದು ಕೂತವು.

ಕೈ ಹಾಕುವವರಿಗೆ ಒಂದೆರಡು ಮಾತು. ಮೊದಲು ಥಂಡರ್‌ಬರ್ಡ್ ಮುಚ್ಚಿ. ಮುಚ್ಚುವಾಗ ಅದು ಕಡತವನ್ನು ಮತ್ತೆ ಬರೆಯುತ್ತದೆ, ತೆರೆದಿಟ್ಟು ತಿದ್ದಿದ್ದೆಲ್ಲ ನೀರುಪಾಲು. ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ 'ಆ್ಯಪ್‌ಡೇಟಾ' ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿದರೆ ಪ್ರೊಫೈಲ್ ಫೋಲ್ಡರಿನ ದಾರಿ ತೆರೆಯುತ್ತದೆ. ಇಡೀ ಫೋಲ್ಡರನ್ನು ನಕಲು ಮಾಡಿಕೊಂಡ ಮೇಲೆಯೇ ಮುಟ್ಟಿ. ನೋಟ್‌ಪ್ಯಾಡ್ ಸಾಕು, ವರ್ಡ್ ಬೇಡವೇ ಬೇಡ. ಅದು ನೆಟ್ಟಗಿರುವ ಉದ್ಧರಣ ಚಿಹ್ನೆಗಳನ್ನು ಸೊಟ್ಟ ಮಾಡಿ ಇನ್ನಷ್ಟು ಕೆಡಿಸುತ್ತದೆ. ಪಕ್ಕದಲ್ಲಿ 'ಪ್ರೆಫ್ಸ್-1' ಎಂಬ ಕಡತ ಕಂಡರೆ ಅದನ್ನೂ ತೆರೆದು ನೋಡಿ. ಯಾವುದೋ ಒಂದು ಮೇಲ್ ಫೋಲ್ಡರಿನ ಪತ್ರಗಳ ಪಟ್ಟಿ ಮಾತ್ರ ಅಸ್ತವ್ಯಸ್ತವಾಗಿದ್ದರೆ ತಪ್ಪು ಪ್ರೆಫ್ಸ್‌ನದಲ್ಲ. ಆ ಫೋಲ್ಡರಿನ 'ಎಂಎಸ್ಎಫ್' ಕಡತ ಅಳಿಸಿ, ಅದು ಬರೀ ಸೂಚಿ, ತಾನೇ ಮರುಹುಟ್ಟುತ್ತದೆ.

ಈ ಶನಿವಾರ ಪ್ರೊಫೈಲ್ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಡಿ. ಪಾಸ್‌ವರ್ಡ್‌ಗಳು 'ಲಾಗಿನ್ಸ್ ಡಾಟ್ ಜೇಸನ್' ಮತ್ತು 'ಕೀ4 ಡಾಟ್ ಡಿಬಿ' ಎಂಬ ಜೋಡಿ ಕಡತಗಳಲ್ಲಿರುತ್ತವೆ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು, ಎರಡೂ ನಕಲಾಗಿವೆಯೇ ನೋಡಿಕೊಳ್ಳಿ.